ಪ್ರವಾಸ ವಾಹನಕ್ಕೊಂದು ಕಿರು ಜನರೇಟರ್: ಆಯ್ಕೆ, ಬಳಕೆ ಮತ್ತು ಆರೋಗ್ಯ

ಅಡುಗೆ, ನಿದ್ರೆ, ಸ್ನಾನಗಳ ಸೌಕರ್ಯವನ್ನೆಲ್ಲ ಹೊತ್ತು ಸಾಗುವ ವಾಹನದಲ್ಲಿ ಕುಟುಂಬಸಮೇತ ದೇಶ ಸುತ್ತುವ ಪದ್ಧತಿ ಅಮೆರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಅಲ್ಲಿ 'ಆರ್.ವಿ.' ಎಂದು ಕರೆಯಲ್ಪಡುವ ಈ ವಾಹನ ನಮ್ಮಲ್ಲಿ 'ಕ್ಯಾರವಾನ್' ಎಂಬ ಹೆಸರಿನಿಂದ ಪರಿಚಿತವಾಗಿದೆ. ಮಹಾರಾಷ್ಟ್ರ ಮತ್ತು ಕೇರಳ ಸರ್ಕಾರಗಳು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಗಳನ್ನು ಪ್ರಕಟಿಸಿದವು. ಮುಂಬಯಿ, ಬೆಂಗಳೂರುಗಳಲ್ಲಿ ಇಂತಹ ವಾಹನಗಳು ಬಾಡಿಗೆಗೂ ದೊರೆಯುತ್ತವೆ. ವಿದ್ಯುತ್ ಸಂಪರ್ಕವಿಲ್ಲದ ತಾಣದಲ್ಲಿ ಬೀಡುಬಿಟ್ಟಾಗ ದೀಪ, ಫ್ಯಾನ್, ಫ್ರಿಜ್‌ಗಳಿಗೆ ಶಕ್ತಿಯೊದಗಿಸಲು ಹಲವರು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪೆಟ್ರೋಲ್ ಜನರೇಟರನ್ನು ಆಶ್ರಯಿಸುತ್ತಾರೆ.

ಈ ಯಂತ್ರ ಉಪಕಾರಿ; ಅಜಾಗರೂಕತೆಯಿಂದ ಬಳಸಿದರೆ ಪ್ರಾಣಾಪಹಾರಿ. 2024ರ ಡಿಸೆಂಬರ್ ತಿಂಗಳೊಂದರಲ್ಲೇ ಎರಡು ದುರಂತಗಳು ಇದನ್ನು ತೋರಿಸಿಕೊಟ್ಟವು. ಜಾರ್ಜಿಯಾ ದೇಶದ ಗುಡೌರಿ ಎಂಬ ಹಿಮಧಾಮದ ಉಪಾಹಾರಗೃಹವೊಂದರಲ್ಲಿ ಹನ್ನೊಂದು ಮಂದಿ ಭಾರತೀಯರೂ ಒಬ್ಬ ಸ್ಥಳೀಯನೂ ನಿದ್ರೆಯಲ್ಲೇ ಅಸುನೀಗಿದರು. ವಿದ್ಯುತ್ ಕಡಿತವಾದ ಬಳಿಕ ಮಲಗುವ ಕೋಣೆಗಳ ಸಮೀಪದ ಮುಚ್ಚಿದ ಜಾಗದಲ್ಲಿ ಜನರೇಟರ್ ಓಡಿಸಲಾಗಿತ್ತೆಂದು ಅಲ್ಲಿನ ಪ್ರಾಥಮಿಕ ತನಿಖೆ ತಿಳಿಸಿತು. ಅದೇ ತಿಂಗಳು ಕೇರಳದ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ದೊರೆತರು. ಜನರೇಟರಿನ ವಿಷಾನಿಲವು ವಾಹನದೊಳಗೆ ನುಸುಳಿತ್ತೆಂಬುದು ಅನಂತರ ತಜ್ಞರು ನಡೆಸಿದ ಪರೀಕ್ಷೆಯಿಂದ ತಿಳಿದುಬಂದಿತು. ಆದ್ದರಿಂದ ಜನರೇಟರ್ ಕೊಳ್ಳುವವರು ಅದರ ಬೆಲೆ ಮತ್ತು ಬಲಗಳನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಅದನ್ನು ಎಲ್ಲಿಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನೂ ಅರಿತಿರಬೇಕು.

ಯಂತ್ರದ ಸ್ವರೂಪ

ಹಳೆಯ ಮಾದರಿಯ ಸಾಮಾನ್ಯ ಕಿರು ಜನರೇಟರಿನಲ್ಲಿ ಎಂಜಿನ್ನು ಹೊರೆಯಿರಲಿ ಇಲ್ಲದಿರಲಿ ಒಂದೇ ವೇಗದಲ್ಲಿ, ಅಂದರೆ ನಿಮಿಷಕ್ಕೆ 3000 ಸುತ್ತಿನಂತೆ ತಿರುಗುತ್ತಿರಬೇಕು. ಈ ವೇಗ ತಪ್ಪಿದರೆ ನಮ್ಮ ಸಲಕರಣೆಗಳಿಗೆ ಬೇಕಾದ 50 ಆವರ್ತಗಳ ವಿದ್ಯುತ್ತು ದೊರೆಯದು. ಇನ್ವರ್ಟರ್ ಜನರೇಟರಿನಲ್ಲಿಯಾದರೋ, ಉತ್ಪತ್ತಿಯಾದ ವಿದ್ಯುತ್ತನ್ನು ಮೊದಲು ಏಕಮುಖ ವಿದ್ಯುತ್ತಾಗಿ ಪರಿವರ್ತಿಸಿ, ಬಳಿಕ ವಿದ್ಯುನ್ಮಾನ ಮಂಡಲದ ಮೂಲಕ 230 ವೋಲ್ಟ್, 50 ಆವರ್ತಗಳ ಸ್ಥಿರ ವಿದ್ಯುತ್ತಾಗಿ ಮಾರ್ಪಡಿಸಲಾಗುತ್ತದೆ. ಎಂಜಿನ್ನು ಹೊರೆಗೆ ತಕ್ಕಂತೆ ತನ್ನ ವೇಗವನ್ನು ಏರಿಳಿಸಿಕೊಳ್ಳಬಲ್ಲದು. ಇದರಿಂದ ಸದ್ದು ತಗ್ಗುತ್ತದೆ, ಇಂಧನ ಉಳಿಯುತ್ತದೆ, ಲ್ಯಾಪ್‌ಟಾಪ್‌ನಂತಹ ಸೂಕ್ಷ್ಮ ಸಲಕರಣೆಗಳಿಗೂ ಬಾಧೆಯಾಗುವುದಿಲ್ಲ. ಅಮೆರಿಕದ ಬಳಕೆಗಾಗಿ ತಯಾರಾದ ಯಂತ್ರಗಳು ಸಾಮಾನ್ಯವಾಗಿ 120 ವೋಲ್ಟ್, 60 ಆವರ್ತಗಳವು. ಅವು ನಮ್ಮ ಮನೆಯ ಸಲಕರಣೆಗಳಿಗೆ ಹೊಂದಲಾರವು.

ಎಷ್ಟು ಶಕ್ತಿ ಬೇಕು?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಗೂ ಅನ್ವಯಿಸುತ್ತದೆ. ಕೊಳ್ಳುವ ಮುನ್ನ ಕಾಗದ ಪೆನ್ಸಿಲು ಹಿಡಿದು ಒಂದು ಆಯವ್ಯಯ ಪಟ್ಟಿ ಸಿದ್ಧಪಡಿಸುವುದು ಲೇಸು. ಉದಾಹರಣೆಗೆ ನಾಲ್ಕು ಎಲ್.ಇ.ಡಿ. ದೀಪಗಳಿಗೆ 40 ವ್ಯಾಟ್, ಎರಡು ಫ್ಯಾನ್‌ಗಳಿಗೆ 120, ಸಣ್ಣ ಫ್ರಿಜ್‌ಗೆ 120, ಫೋನ್ ಮತ್ತು ಲ್ಯಾಪ್‌ಟಾಪ್‌ಗಳಿಗೆ 100 ಎಂದಿಟ್ಟುಕೊಂಡರೆ ಒಟ್ಟು 380 ವ್ಯಾಟ್ ಆಗುತ್ತದೆ. ಇದಕ್ಕೆ 500 ವ್ಯಾಟಿನ ಮಿಕ್ಸಿಯನ್ನು ಸೇರಿಸಿದರೆ 880. ಫ್ರಿಜ್‌ನಂತಹ ಮೋಟಾರಿನ ಸಾಧನಗಳು ಚಾಲನೆಗೊಳ್ಳುವ ಕ್ಷಣದಲ್ಲಿ ಮೂರರಿಂದ ಐದು ಪಟ್ಟು ಶಕ್ತಿಯನ್ನು ಸೆಳೆಯಬಹುದು. ಆ ಕ್ಷಣದ ಹೆಚ್ಚುವರಿಯನ್ನೂ ಲೆಕ್ಕಕ್ಕೆ ಹಿಡಿದರೆ ಸುಮಾರು 1400 ವ್ಯಾಟ್ ಆಗುತ್ತದೆ. ಇಷ್ಟು ಹೊರೆಗೆ 1800 ವ್ಯಾಟಿನ ಯಂತ್ರ ಧಾರಾಳವಾಗಿ ಸಾಕು. ಆದರೆ 2000 ವ್ಯಾಟಿನ ಇಂಡಕ್ಷನ್ ಒಲೆ ಅಥವಾ ಗೀಸರನ್ನು ಅದು ಹೊರಲಾರದು. ಅಡುಗೆಗೆ ಗ್ಯಾಸ್ ಒಲೆಯೇ ಉತ್ತಮ.

ಮಾರಾಟಗಾರರು ದೊಡ್ಡಕ್ಷರದಲ್ಲಿ ಬರೆಯುವ ಗರಿಷ್ಠ ಶಕ್ತಿಯು ಅಲ್ಪಕಾಲಕ್ಕೆ ಮಾತ್ರ ದೊರೆಯತಕ್ಕದ್ದು. ನಿರಂತರವಾಗಿ ದೊರೆಯುವ ಶಕ್ತಿ ಎಷ್ಟೆಂಬುದನ್ನೇ ಕೇಳಿ ತಿಳಿಯಬೇಕು. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಪ್ರತಿ 300 ಮೀಟರಿಗೆ ಸುಮಾರು ಶೇಕಡಾ 3.5ರಷ್ಟು ಶಕ್ತಿ ಕುಂದುತ್ತದೆ. ಹಿಮಾಲಯದ ಕಡೆಗೆ ಹೊರಡುವವರು ಇದನ್ನು ಗಮನದಲ್ಲಿಡಬೇಕು.

ಇಂಧನದ ಖರ್ಚು

ಈ ವರ್ಗದ ಒಂದು ಪ್ರಸಿದ್ಧ ಯಂತ್ರವು 3.6 ಲೀಟರ್ ಪೆಟ್ರೋಲಿನಲ್ಲಿ ಪೂರ್ಣ ಹೊರೆಯ 1800 ವ್ಯಾಟಿನಲ್ಲಿ ಸುಮಾರು 3.2 ಗಂಟೆಯೂ ಕಾಲುಭಾಗ ಹೊರೆಯಲ್ಲಿ ಸುಮಾರು 8 ಗಂಟೆಯೂ ಓಡುತ್ತದೆ. ಅಂದರೆ ಲೀಟರಿಗೆ ದೊರೆಯುವುದು ಒಂದರಿಂದ ಒಂದೂವರೆ ಯೂನಿಟ್ ಮಾತ್ರ. ಪೆಟ್ರೋಲಿಗೆ ಲೀಟರಿಗೆ 100 ರೂಪಾಯಿ ಎಂದು ಹಿಡಿದರೆ ಪ್ರತಿ ಯೂನಿಟ್ಟಿಗೆ 60ರಿಂದ 100 ರೂಪಾಯಿ ಬೀಳುತ್ತದೆ. ಮನೆಯ ವಿದ್ಯುತ್ ದರದ ಎದುರು ಇದು ದುಬಾರಿಯೇ. ಹೀಗಾಗಿ ಇಡೀ ರಾತ್ರಿ ಜನರೇಟರ್ ಓಡಿಸುವುದು ಆರೋಗ್ಯಕ್ಕೂ ಕಿಸೆಗೂ ಹಿತವಲ್ಲ.

ಕಾಣದ ವಿಷ

ಪೆಟ್ರೋಲ್ ಉರಿದಾಗ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಇದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಪರಿಣಾಮವಾಗಿ ಉಸಿರಾಟ ನಡೆಯುತ್ತಿದ್ದರೂ ಮಿದುಳು, ಹೃದಯಗಳಿಗೆ ಆಮ್ಲಜನಕ ತಲುಪದಂತಾಗುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ನಿಶ್ಶಕ್ತಿ, ಗಲಿಬಿಲಿ ಇದರ ಲಕ್ಷಣಗಳು. ಪ್ರಯಾಣದ ಆಯಾಸವೆಂದೋ ಹೊರಗಿನ ಊಟದ ದೋಷವೆಂದೋ ಇವನ್ನು ಕಡೆಗಣಿಸುವ ಸಂಭವ ಹೆಚ್ಚು. ಒಂದೇ ವಾಹನದಲ್ಲಿರುವ ಹಲವರಿಗೆ ಏಕಕಾಲದಲ್ಲಿ ತಲೆನೋವು ಬಂದು, ಹೊರಗೆ ಹೋದೊಡನೆ ಶಮನವಾದರೆ ಅನಿಲದ ಮೇಲೆ ಸಂದೇಹಪಡಬೇಕು. ನಿದ್ರಿಸುತ್ತಿರುವವರಿಗಾದರೋ ಯಾವ ಮುನ್ಸೂಚನೆಯೂ ದೊರೆಯದೆ ಪ್ರಜ್ಞೆ ತಪ್ಪಬಹುದು. ಶಿಶುಗಳು, ಗರ್ಭಿಣಿಯರು, ವೃದ್ಧರು, ಹೃದ್ರೋಗಿಗಳಿಗೆ ಅಪಾಯ ಅಧಿಕ.

ಇಲ್ಲಿ ಒಂದು ವಿಶೇಷ ಎಚ್ಚರಿಕೆ ಅಗತ್ಯ. 2020ರ ಕೋವಿಡ್ ಕಾಲದಿಂದೀಚೆಗೆ ಅನೇಕ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ. ಈ ವಿಷಪ್ರಾಶನದಲ್ಲಿ ಅದನ್ನು ನಂಬುವಂತಿಲ್ಲ. ಮಾನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ನನ್ನೂ ಸಾಮಾನ್ಯ ಆಕ್ಸಿಮೀಟರ್ ಬೇರ್ಪಡಿಸಿ ಗುರುತಿಸಲಾರದು. ರೋಗಿ ಸಂಕಟದಲ್ಲಿರುವಾಗಲೂ ಅದು 98 ಎಂದು ತೋರಿಸಬಹುದು.

ಸಂದೇಹ ಬಂದ ಕೂಡಲೇ ಎಲ್ಲರನ್ನೂ ತೆರೆದ ಗಾಳಿಗೆ ಕರೆತಂದು, 112 ಅಥವಾ 108ಕ್ಕೆ ಕರೆಮಾಡಿ, ಆಮ್ಲಜನಕ ನೀಡಬಲ್ಲ ಆಸ್ಪತ್ರೆಗೆ ಸಾಗಿಸಬೇಕು. ಜನರೇಟರಿನ ಹೊಗೆ ಸೇವಿಸಿರಬಹುದೆಂಬ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಸಾಮಾನ್ಯ ಗಾಳಿಯಲ್ಲಿ ರಕ್ತದೊಳಗಿನ ಈ ವಿಷ ಅರ್ಧದಷ್ಟು ಇಳಿಯಲು ನಾಲ್ಕೈದು ಗಂಟೆಗಳು ಬೇಕು. ಶುದ್ಧ ಆಮ್ಲಜನಕ ನೀಡಿದಾಗ ಒಂದೂವರೆ ಗಂಟೆಯೊಳಗೇ ಇಳಿಯಬಹುದು.

ಇಡುವ ಸ್ಥಳ, ಬಳಸುವ ಕ್ರಮ

ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗವು ಜನರೇಟರನ್ನು ಮನೆಯಿಂದ ಕನಿಷ್ಠ 20 ಅಡಿ ದೂರದಲ್ಲಿ, ಹೊಗೆಯ ಬಾಯಿ ಮನೆಗೆ ವಿಮುಖವಾಗುವಂತೆ ಇಡಬೇಕೆಂದು ಹೇಳುತ್ತದೆ. ಕ್ಯಾರವಾನಿಗೂ ಈ ನಿಯಮವನ್ನೇ ಅನುಸರಿಸುವುದು ಯುಕ್ತ. ಪಕ್ಕದ ವಾಹನದ ಕಿಟಕಿಗಳನ್ನೂ ಗಮನಿಸಬೇಕು. ವಾಹನದ ಒಳಗೆ, ಅಡಿಯಲ್ಲಿ, ಡಿಕ್ಕಿಯಲ್ಲಿ ಅಥವಾ ಡೇರೆಯ ಮಾಡಿನ ಕೆಳಗೆ ಓಡಿಸುವುದು ಸರ್ವಥಾ ಸಲ್ಲದು. ಕಿಟಕಿ ತೆರೆದಿದ್ದರೆ ಸಾಕೆಂಬುದು ತಪ್ಪು ತಿಳಿವಳಿಕೆ. ತೆರೆದ ಕಿಟಕಿಯೇ ಹೊಗೆಗೆ ದಾರಿಯಾಗಬಹುದು. ಬಾಡಿಗೆ ವಾಹನದಲ್ಲಿ ಜನರೇಟರನ್ನು ಒಳಗೇ ಜೋಡಿಸಿದ್ದರೆ ಅದರ ಹೊಗೆಕೊಳವೆ ಎಲ್ಲಿ ಕೊನೆಗೊಳ್ಳುತ್ತದೆ, ನೆಲದಲ್ಲಿ ರಂಧ್ರಗಳಿವೆಯೇ ಎಂಬುದನ್ನು ಕೀಲಿಕೈ ಪಡೆಯುವ ಮುನ್ನವೇ ಪರೀಕ್ಷಿಸಬೇಕು. ಮಲಗುವ ಸ್ಥಳದ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಬೆಂಕಿಯ ಹೊಗೆ ಪತ್ತೆಹಚ್ಚುವ ಅಲಾರಂ ಇದರ ಕೆಲಸ ಮಾಡಲಾರದು.

ಪೆಟ್ರೋಲ್ ತುಂಬುವಾಗ ಎಂಜಿನ್ನನ್ನು ನಿಲ್ಲಿಸಿ ಆರಲು ಬಿಡಬೇಕು. ಮಳೆನೀರು ತಗಲದಂತೆ ನೋಡಿಕೊಳ್ಳಬೇಕು. ಕೆಲವರು ಕರೆಂಟು ಹೋದಾಗ ಇದೇ ಯಂತ್ರವನ್ನು ಮನೆಯ ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸುವುದುಂಟು. ಹಾಗೆ ಜೋಡಿಸಿದರೆ ವಿದ್ಯುತ್ತು ಹಿಮ್ಮುಖವಾಗಿ ಹರಿದು ಕಂಬದ ಮೇಲೆ ದುಡಿಯುತ್ತಿರುವ ಲೈನ್‌ಮನ್ನನ ಪ್ರಾಣ ತೆಗೆಯಬಹುದು.

ಸದ್ದಿನ ಸಂಯಮವೂ ಆರೋಗ್ಯದ ಅಂಗವೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಅಡಿ ದೂರದಲ್ಲಿ 60 ಡೆಸಿಬೆಲ್ ಮೀರುವಂತೆ ಯಂತ್ರ ಓಡಿಸುವುದು ನಿಷಿದ್ಧ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಆರ್.ವಿ. ಪ್ರವಾಸ ಕೈಗೊಳ್ಳುವವರು ಆಯಾ ಬೀಡಿನ ವೇಳಾನಿಯಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ರಾತ್ರಿಗೆ ಬ್ಯಾಟರಿ

ಇವೆಲ್ಲಕ್ಕೂ ಸುಲಭವಾದ ಪರಿಹಾರವೊಂದಿದೆ. ಒಂದು ಯೂನಿಟ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಪೆಟ್ಟಿಗೆಯು ಒಂದು ಫ್ಯಾನು, ಎರಡು ದೀಪಗಳನ್ನು ಸುಮಾರು ಹತ್ತು ಗಂಟೆಗಳ ಕಾಲ ನಡೆಸಬಲ್ಲದು. ಹಗಲಿನಲ್ಲಿ, ಎಲ್ಲರೂ ಎಚ್ಚರವಾಗಿದ್ದು ಹೊರಗೆ ಓಡಾಡುತ್ತಿರುವಾಗ, ಜನರೇಟರಿನಿಂದಲೋ ಸೌರಫಲಕದಿಂದಲೋ ಅದನ್ನು ತುಂಬಿಸಿಕೊಂಡು ರಾತ್ರಿ ಬ್ಯಾಟರಿಯನ್ನಷ್ಟೇ ಬಳಸಿದರೆ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಹವಾನಿಯಂತ್ರಣವಿಲ್ಲದ ರಾತ್ರಿ ತುಸು ಸೆಕೆಯೆನಿಸಬಹುದು. ಆದರೂ ಎಲ್ಲರೂ ಮಲಗುವ ಮುನ್ನ ಜನರೇಟರನ್ನು ನಿಲ್ಲಿಸುವ ನಿಯಮವನ್ನು ಪ್ರವಾಸದ ಮೊದಲ ದಿನದಿಂದಲೇ ಪಾಲಿಸುವ ಕುಟುಂಬ ಬೆಳಗ್ಗೆ ಕ್ಷೇಮವಾಗಿ ಎದ್ದು ಮುಂದಿನ ಊರಿಗೆ ಹೊರಡುತ್ತದೆ.