ಕಲೋಡನ್‌ನಿಂದ ಶ್ರೀರಂಗಪಟ್ಟಣಕ್ಕೆ

1746ರ ಏಪ್ರಿಲ್ 16. ಸ್ಕಾಟ್ಲೆಂಡಿನ ಕಲೋಡನ್ ಬಯಲು. ದೊರೆಯ ವಿರುದ್ಧ ಬಂಡೆದ್ದು, ಕತ್ತಿ ಹಿರಿದು ನುಗ್ಗಿದ ಹೈಲ್ಯಾಂಡ್ ಗುಡ್ಡಗಾಡಿನವರನ್ನು ಸರ್ಕಾರಿ ಪಡೆಯ ತೋಪು, ಬಂದೂಕುಗಳು ತಾಸಿನೊಳಗೆ ಮಣ್ಣುಮುಕ್ಕಿಸಿದವು.

ಹಿಂದೆಯೇ ಬಂತು ಕಾನೂನು: ಆಯುಧ ಇಟ್ಟುಕೊಳ್ಳುವಂತಿಲ್ಲ, ಗಂಡಸರು ತಮ್ಮ ನೆರಿಗೆಯ ಉಡುಪು ಕಿಲ್ಟ್ ಉಡುವಂತಿಲ್ಲ. ಬ್ರಿಟಿಷ್ ಸೈನ್ಯ ಸೇರಿದರೆ ಮಾತ್ರ ಉಡಬಹುದು! ಬಂಡೆದ್ದವರ ನೆಲದಿಂದಲೇ ಸಿಪಾಯಿಗಳನ್ನು ಎತ್ತುವ ಜಾಣತನ ಇದು. ಹೈಲ್ಯಾಂಡ್ ರೆಜಿಮೆಂಟುಗಳು ಒಂದರ ಹಿಂದೊಂದು ಹುಟ್ಟಿದವು.

ಅಂಥದೊಂದು ರೆಜಿಮೆಂಟಿನೊಂದಿಗೆ ಭಾರತಕ್ಕೆ ಬಂದ ಅಧಿಕಾರಿ ಡೇವಿಡ್ ಬೇರ್ಡ್. 1780ರಲ್ಲಿ, ಕಾಂಚಿ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಅವನಿದ್ದ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದರು. ಗಾಯಗೊಂಡು ಸಿಕ್ಕಿಬಿದ್ದ ಬೇರ್ಡ್ 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಾಳು. ಮಗನಿಗೆ ಸರಪಳಿ ಬಿಗಿದ ಸುದ್ದಿ ಕೇಳಿ ತಾಯಿ ಮರುಗಿದ್ದು, ಅವನ ಜೊತೆ ಕಟ್ಟಿಹಾಕಿಸಿಕೊಂಡವನ ಪಾಡಿಗಂತೆ! ಮಗನ ಸಿಡುಕು ಅವಳಿಗೆ ಗೊತ್ತಿತ್ತಲ್ಲ.

1799ರ ಮೇ 4ರ ಮಧ್ಯಾಹ್ನ, ಅದೇ ಶ್ರೀರಂಗಪಟ್ಟಣದ ಕೋಟೆಯ ಮೇಲಿನ ಬ್ರಿಟಿಷರ ಕೊನೆಯ ದಾಳಿಗೆ ತಾನಾಗಿಯೇ ಮುಂದಾದವನು ಇದೇ ಬೇರ್ಡ್. ಕಾವೇರಿ ದಾಟಿ, ತೋಪಿನೇಟಿಗೆ ಒಡೆದ ಗೋಡೆ ಹತ್ತಿದವರಲ್ಲಿ ಹೈಲ್ಯಾಂಡರುಗಳೂ ಇದ್ದರು. ಟಿಪ್ಪು ಹೋರಾಡುತ್ತಲೇ ಮಡಿದ.

ಗೆದ್ದ ಪಟ್ಟಣದ ಉಸ್ತುವಾರಿ ಮಾತ್ರ ಬೇರ್ಡ್‌ಗೆ ದಕ್ಕಲಿಲ್ಲ. ಅದು ಹೋಗಿದ್ದು ಹುದ್ದೆಯಲ್ಲಿ ಅವನಿಗಿಂತ ಕಿರಿಯನಾದ ಆರ್ಥರ್ ವೆಲ್ಲೆಸ್ಲಿಗೆ. ಆಗ ಗವರ್ನರ್ ಜನರಲ್ ಯಾರು? ಆರ್ಥರನ ಸ್ವಂತ ಅಣ್ಣ!