ಹಾಡಿಗೆ ಹೆಸರು ಬರೆಯಲು ಲಿನಕ್ಸ್ ಬಿಡದಿದ್ದರೆ



ಊರಿನಿಂದ ತಂದ ಹಳೆಯ ಕ್ಯಾಸೆಟ್ಟುಗಳನ್ನು ಎಂಪಿ3 ಮಾಡಿಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ ಇದ್ದೀರಿ. ನಮ್ಮ ಮನೆಯಲ್ಲೂ ಸುಮಾರು 300 ಕಡತಗಳಿವೆ: ಭಾವಗೀತೆ, ದಾಸರ ಪದ, ಜೊತೆಗೆ ಅಜ್ಜಿ ಮತ್ತು ಅವರ ಓರಗೆಯವರು ಹಾಡಿದ ಹಸೆ ಹಾಡುಗಳು. ಎಲ್ಲಕ್ಕೂ 'ಟ್ರ್ಯಾಕ್ 01', 'ಟ್ರ್ಯಾಕ್ 02' ಎಂದೇ ಹೆಸರು. ಯಾವುದು ಯಾರ ದನಿ ಎಂದು ಹೇಳಬಲ್ಲವರು ಈಗ ಅಮ್ಮ ಒಬ್ಬರೇ. ಅವರು ನಮ್ಮಲ್ಲಿಗೆ ಬಂದಿದ್ದಾಗ ಪಕ್ಕದಲ್ಲಿ ಕೂರಿಸಿಕೊಂಡು ಟ್ಯಾಗ್ ತುಂಬಲು ಹೊರಟೆವು. ಮೊದಲ ಹಾಡಿಗೇ 'ಪರ್ಮಿಷನ್ ಡಿನೈಡ್' ಎಂದು ಬಂತು!

ಹಾಡೇನೋ ಚೆನ್ನಾಗಿಯೇ ಕೇಳುತ್ತಿತ್ತು. ಹಾಡು ಕೇಳಲು ಕಡತವನ್ನು ಓದುವ ಅನುಮತಿ ಸಾಕು. ಆದರೆ ಹಾಡಿನ ಹೆಸರು, ಗಾಯಕರ ಹೆಸರು ಕಡತದ ಒಳಗೇ ಕೂರುವುದರಿಂದ ಟ್ಯಾಗ್ ತಿದ್ದಲು ಬರೆಯುವ ಅನುಮತಿಯೂ ಬೇಕು. ಲಿನಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಒಬ್ಬ ಒಡೆಯ ಇರುತ್ತಾನೆ. ನಾವು ಆತುರದಲ್ಲಿ 'ಸುಡೊ' ಹಾಕಿ ಹಾಡುಗಳನ್ನು ನಕಲು ಮಾಡಿದ್ದರಿಂದ ಅವುಗಳ ಒಡೆತನ 'ರೂಟ್'ಗೆ ಹೋಗಿತ್ತು. ತಪ್ಪು ನಮ್ಮದೇ.

ಇಂತಹ ತೊಂದರೆ ಬಂದರೆ ಈ ಕ್ರಮದಲ್ಲಿ ನೋಡಿ.

1. ಒಡೆಯ ಯಾರು? ಕಡತದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ನೋಡಿ. 'ರೂಟ್' ಎಂದಿದ್ದರೆ ಟರ್ಮಿನಲ್‌ನಲ್ಲಿ ಸಿ-ಎಚ್-ಓ-ಡಬ್ಲ್ಯು-ಎನ್ ಆಜ್ಞೆಯನ್ನು 'ಸುಡೊ' ಜೊತೆ ಕೊಟ್ಟು ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ದೊಡ್ಡಕ್ಷರದ 'ಆರ್' ಆಯ್ಕೆ ಸೇರಿಸಿದರೆ ಒಳಗಿನ ಎಲ್ಲ ಕಡತಗಳಿಗೂ ಅನ್ವಯಿಸುತ್ತದೆ. ಹಾಡಿನ ಫೋಲ್ಡರ್ ಹೆಸರನ್ನು ಎರಡು ಸಲ ಓದಿ ನೋಡಿದ ಮೇಲೆಯೇ ಎಂಟರ್ ಒತ್ತಿ. ಇಡೀ ಸಿಸ್ಟಮ್‌ಗೆ ಈ ಆಜ್ಞೆ ಕೊಟ್ಟರೆ ಕಂಪ್ಯೂಟರ್ ಮತ್ತೆ ಏಳದೇ ಹೋಗಬಹುದು.

2. ಫೋಲ್ಡರ್‌ಗೂ ಅನುಮತಿ ಇದೆಯೇ? ಕೆಲವು ಟ್ಯಾಗ್ ತಂತ್ರಾಂಶಗಳು ಹೊಸ ಕಡತ ಬರೆದು ಹಳೆಯದರ ಜಾಗದಲ್ಲಿ ಇಡುತ್ತವೆ. ಹಾಗಾಗಿ ಫೋಲ್ಡರ್‌ನಲ್ಲೂ ಬರೆಯುವ ಅನುಮತಿ ಇರಬೇಕು.

3. ಡಿಸ್ಕ್ ಯಾವ ಬಗೆಯದು? ಫ್ಯಾಟ್ ಮತ್ತು ಎಕ್ಸ್‌ಫ್ಯಾಟ್ ಡಿಸ್ಕುಗಳು ಲಿನಕ್ಸ್ ಒಡೆತನವನ್ನು ಉಳಿಸಿಕೊಳ್ಳುವುದಿಲ್ಲ. ಅಲ್ಲಿ ಮೇಲಿನ ಆಜ್ಞೆ ನಡೆಯದು. ಡಿಸ್ಕನ್ನು ಸರಿಯಾಗಿ ಹೊರತೆಗೆದು, ನಿಮ್ಮ ಖಾತೆಯಲ್ಲಿ ಲಾಗಿನ್ ಆದ ಮೇಲೆ ಮತ್ತೆ ಜೋಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ವಿಂಡೋಸ್ ಕೂಡ ಇರುವ ಕಂಪ್ಯೂಟರಿನ ಎನ್‌ಟಿಎಫ್‌ಎಸ್ ಡಿಸ್ಕ್ ಆಗಿದ್ದು 'ರೀಡ್-ಓನ್ಲಿ' ಎಂದು ಬಂದರೆ, ವಿಂಡೋಸ್‌ಗೆ ಹೋಗಿ 'ಫಾಸ್ಟ್ ಸ್ಟಾರ್ಟಪ್' ನಿಲ್ಲಿಸಿ ಪೂರ್ತಿ ಶಟ್‌ಡೌನ್ ಮಾಡಿ.

4. ತಂತ್ರಾಂಶ ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ಆಗಿ ಬಂದದ್ದೇ? ಹಾಗಿದ್ದರೆ ಹೊರಗಿನ ಡಿಸ್ಕ್ ಮುಟ್ಟಲು ಅದಕ್ಕೆ ಬೇರೆ ಅನುಮತಿ ಬೇಕಾಗಬಹುದು. ಹಾಡುಗಳನ್ನು ಹೋಮ್‌ನ ಮ್ಯೂಸಿಕ್ ಫೋಲ್ಡರ್‌ಗೆ ನಕಲು ಮಾಡಿಕೊಳ್ಳುವುದು ಸುಲಭದ ದಾರಿ.

ಎರಡು ಅಡ್ಡದಾರಿಗಳನ್ನು ಮಾತ್ರ ಹಿಡಿಯಬೇಡಿ. ಒಂದು, ಎಲ್ಲರಿಗೂ ಎಲ್ಲ ಅನುಮತಿ ಕೊಡುವ '777'. ಮನೆಯಲ್ಲಿ ಒಂದೇ ಕಂಪ್ಯೂಟರ್ ಹಂಚಿಕೊಂಡಿದ್ದರೆ ಯಾರ ಖಾತೆಯಿಂದಲಾದರೂ ಹಾಡು ಅಳಿಸಿಹೋಗಬಹುದು. ಇನ್ನೊಂದು, ಟ್ಯಾಗ್ ತಂತ್ರಾಂಶವನ್ನೇ ರೂಟ್ ಆಗಿ ನಡೆಸುವುದು. ಅದು ಹೊಸದಾಗಿ ಬರೆದ ಕಡತಗಳು ಮತ್ತೆ ರೂಟ್ ಹೆಸರಿಗೇ ಹೋಗುತ್ತವೆ.

ಕೊನೆಗೊಂದು ಮಾತು. ಹಳೆಯ ಐಡಿ3 ಆವೃತ್ತಿ 1ರಲ್ಲಿ ಹಾಡಿನ ಹೆಸರಿಗೆ 30 ಬೈಟ್ ಮಾತ್ರ ಜಾಗ, ಕನ್ನಡ ಯೂನಿಕೋಡ್‌ಗೆ ಏರ್ಪಾಡೂ ಇಲ್ಲ. ಆವೃತ್ತಿ 2.3 ಅಥವಾ 2.4 ಆರಿಸಿಕೊಂಡರೆ ಹೆಸರುಗಳನ್ನು ಕನ್ನಡದಲ್ಲೇ ಬರೆಯಬಹುದು.

ಒಡೆತನ ಸರಿಮಾಡಲು ನಮಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಹೆಸರು ತುಂಬಲು ನಾಲ್ಕು ಸಂಜೆ ಬೇಕಾಯಿತು, ಏಕೆಂದರೆ ಒಂದೊಂದು ಹಾಡಿಗೂ ಅಮ್ಮನ ಬಳಿ ಒಂದೊಂದು ಕಥೆ ಇತ್ತು. ನಿಮ್ಮ ಮನೆಯಲ್ಲೂ ಹಿರಿಯರು ಇರುವಾಗಲೇ ಈ ಕೆಲಸ ಮುಗಿಸಿ. ಶುರುಮಾಡುವ ಮೊದಲು ಎಲ್ಲ ಕಡತಗಳ ಇನ್ನೊಂದು ಪ್ರತಿ ತೆಗೆದಿಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮುಂದಿನ ಕೂಟಕ್ಕೆ ಲ್ಯಾಪ್‌ಟಾಪ್ ತನ್ನಿ, ಊಟದ ನಂತರ ಒಟ್ಟಿಗೆ ಕೂತು ನೋಡೋಣ.