ಉಳುಕಿದ ಕಾಲಿಗೆ ‘ಆಡು’ ಅನ್ನೋರು ಯಾರು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಜಾತ್ರೆ ಬಂತೆಂದರೆ ಕಬಡ್ಡಿ ಬಂತು, ಕುಸ್ತಿ ಬಂತು. ಬೆನ್ನ ಹಿಂದೆಯೇ ಮೊಣಕಾಲು, ಕಣಕಾಲಿನ ಪೆಟ್ಟೂ ಬಂತು. ಪೆಟ್ಟು ಬೀಳುವುದು ಯಾರ ಕೈಯಲ್ಲೂ ಇಲ್ಲ. ಆದರೆ ಬಿದ್ದ ಹುಡುಗ ಮತ್ತೆ ಯಾವಾಗ ಅಂಗಳಕ್ಕೆ ಇಳಿಯಬೇಕು? ಅದನ್ನು ಹೇಳುವವರು ತಂಡದ ಕ್ಯಾಪ್ಟನ್, ಬಹುಮಾನದ ರೊಕ್ಕ, ಸುತ್ತ ನಿಂತ ಮಂದಿ. ‘ಏ, ಏನಾಗೂದಿಲ್ಲ ಏಳೋ, ಒಂದ ರೇಡ್ ಉಳದೈತಿ!’ ಅಲ್ಲಿಗೆ ತಪಾಸಣೆ ಮುಗಿಯಿತು.

ನಾಲ್ಕು ಹೆಜ್ಜೆಯ ಲೆಕ್ಕ

ಕಣಕಾಲು ಹೊರಳಿದರೆ ಎಲುಬು ಮುರಿದಿದೆಯೋ, ಬರೀ ಉಳುಕೋ? ಕೆನಡಾದ ಒಟ್ಟಾವದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಕಣಕಾಲಿನ ಎರಡೂ ಪಕ್ಕದ ಗಂಟಿನ ಹಿಂಬದಿ ಅಥವಾ ತುದಿಯನ್ನು ಒತ್ತಿದರೆ ಎಲುಬೇ ನೋಯುತ್ತದೆಯೇ? ಬಿದ್ದ ಕೂಡಲೇ, ಆಮೇಲೆ ಆಸ್ಪತ್ರೆಯಲ್ಲೂ, ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲವೇ? ಒಂದಕ್ಕೆ ‘ಹೌದು’ ಎಂದರೂ ಎಕ್ಸ್‌ರೇ ಬೇಕು. ಅದಕ್ಕೂ ಮೊದಲೇ ಉಳುಕು ತೆಗೆಸುತ್ತೇವೆಂದು ಎಳೆಸಿ, ತಿಕ್ಕಿಸಿದರೆ ಮುರಿದ ಎಲುಬು ಜರುಗೀತು.

ಮೊಣಕಾಲಿನ ಮೋಸ

ಮೊಣಕಾಲಿನಲ್ಲಿ ‘ಟಪ್’ ಅಂತ ಸಪ್ಪಳ, ಕೆಲವೇ ತಾಸಿನಲ್ಲಿ ಬಾವು, ಕಾಲೂರಿದರೆ ಜೋಲಿ. ಇಷ್ಟಿದ್ದರೆ ಒಳಗಿನ ಕಟ್ಟು, ಅಂದರೆ ಎ.ಸಿ.ಎಲ್., ಹರಿದಿರುವ ಸಂಭವ ಹೆಚ್ಚು. ಈ ಕಟ್ಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಮೂರು ವಾರಕ್ಕೆ ಬಾವು ಇಳಿದು ಹುಡುಗ ನೆಟ್ಟಗೆ ನಡೆಯಬಹುದು. ಮೋಸ ಇರುವುದೇ ಅಲ್ಲಿ. ಕಬಡ್ಡಿಯಲ್ಲಿ ತಟ್ಟನೆ ತಿರುಗಬೇಕು; ತಿರುಗಿದಾಗ ಮೊಣಕಾಲು ಕೈಕೊಟ್ಟು ಒಳಗಿನ ಮೆತ್ತೆಯೂ ಹರಿಯುತ್ತದೆ.

ಆಪರೇಷನ್ ಆದವರಿಗೂ ಅವಸರ ಸಲ್ಲದು. 2016ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಕಂಡದ್ದು: ಆಟಕ್ಕೆ ಮರಳುವುದನ್ನು 9 ತಿಂಗಳವರೆಗೆ ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಿನ ಎಣಿಸಿದರಷ್ಟೇ ಸಾಲದು. ಪೆಟ್ಟಾದ ಕಾಲಿನ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಇರಬೇಕು. ಒಂಟಿಕಾಲಲ್ಲಿ ಕುಪ್ಪಳಿಸಿ ನೋಡುವ ಪರೀಕ್ಷೆಯೂ ಉಂಟು.

ತಲೆಗೆ ಪೆಟ್ಟು ಬಿದ್ದು ಕಣ್ಣು ಕತ್ತಲಿಟ್ಟರೆ, ವಾಂತಿಯಾದರೆ, ಕೇಳಿದ್ದನ್ನೇ ಕೇಳುತ್ತಿದ್ದರೆ ಆ ದಿನ ಆಟ ಬಂದ್. ಸೀದಾ ಆಸ್ಪತ್ರೆಗೆ.

ದೊಡ್ಡವರಿಗೂ ಬಿಡಲಿಲ್ಲ

2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದರೂ ಬ್ಯಾಂಡೇಜು ಸುತ್ತಿಕೊಂಡು ಬೌಲ್ ಮಾಡಿ ಲಾರಾ ವಿಕೆಟ್ ತೆಗೆದ ಅನಿಲ್ ಕುಂಬ್ಳೆ ಎಲ್ಲರಿಗೂ ನೆನಪು. ಆಮೇಲೆ ಅವರು ಸರಣಿ ಬಿಟ್ಟು ಆಪರೇಷನ್ನಿಗೆ ಬೆಂಗಳೂರಿಗೆ ಬಂದದ್ದು ಯಾರಿಗೂ ನೆನಪಿಲ್ಲ! 2022ರ ಸೆಪ್ಟೆಂಬರಿನಲ್ಲಿ ಬೆನ್ನುನೋವಿನಿಂದ ಮರಳಿದ ಬುಮ್ರಾ ಆಡಿದ್ದು ಎರಡೇ ಪಂದ್ಯ. ವಿಶ್ವಕಪ್ ತಪ್ಪಿತು, 2023ರ ಮಾರ್ಚಿನಲ್ಲಿ ಆಪರೇಷನ್ ಆಯಿತು, ಮತ್ತೆ ಆಡಿದ್ದು ಆಗಸ್ಟಿನಲ್ಲಿ. ಬೆನ್ನ ಹಿಂದೆ ಡಾಕ್ಟರರ ದಂಡೇ ಇದ್ದವರ ಗತಿ ಇದಾದರೆ, ಹಳ್ಳಿಯ ಹುಡುಗನ ಪಾಡೇನು?

ಅವನಿಗೆ ಹೋಗುವುದು ಬರೀ ಕಪ್ಪಲ್ಲ. ಇಲ್ಲಿ ಕಬಡ್ಡಿ ಆಡುವ ಹುಡುಗರಲ್ಲಿ ಎಷ್ಟೋ ಮಂದಿ ಪೊಲೀಸ್, ಮಿಲಿಟರಿ ಭರ್ತಿಗೆ ಓಡುವವರು. 1600 ಮೀಟರ್ ಓಟದಲ್ಲಿ ಮೊಣಕಾಲು ಕೈಕೊಟ್ಟರೆ ಮನೆಯವರ ಆಸೆಯೂ ಅಲ್ಲೇ ಕುಸಿಯಿತು.

ಜಾತ್ರೆ ಕಮಿಟಿಯವರು ಪೆಂಡಾಲು, ಮೈಕಿಗೆ ಖರ್ಚು ಮಾಡುತ್ತಾರೆ. ಅದರ ಜೊತೆಗೆ ಐಸಿನ ಡಬ್ಬಿ, ಪಟ್ಟಿ, ತಾಲ್ಲೂಕು ಆಸ್ಪತ್ರೆಗೆ ಒಯ್ಯಲು ಒಂದು ಗಾಡಿ ಇಡಲಿ. ಪೆಟ್ಟಾದವನನ್ನು ಆಡಿಸುವ ಮಾತು ಕ್ಯಾಪ್ಟನ್‌ಗೆ ಬೇಡ, ಡಾಕ್ಟರಿಗೆ ಬಿಡಲಿ. ಡಾಕ್ಟರು ಇಲ್ಲವೆಂದರೆ ಹುಡುಗ ಹೊರಗೇ ಕೂಡಲಿ. ಮುಂದಿನ ವರ್ಷವೂ ಜಾತ್ರೆ ಇದ್ದೇ ಇದೆ.